ಉಕ್ಕಿನ ರಥಗಳಿಗೆ ಮರುಜೀವ

ಭಿವಂಡಿಯಲ್ಲಿ ವಾಸಿಸುವ ನಮ್ಮ ಜನರಿಗೆ ಯಂತ್ರದ ಸದ್ದು ಹೊಸತಲ್ಲ. ವಿದ್ಯುತ್ ಮಗ್ಗಗಳ ಖಟಖಟ ಶಬ್ದವನ್ನು ಕೇಳುತ್ತಲೇ ನಾವು ನಿದ್ರಿಸುತ್ತೇವೆ, ಕೇಳುತ್ತಲೇ ಏಳುತ್ತೇವೆ. ಹಳೆಯ ಮಗ್ಗವೊಂದು ಕೆಟ್ಟು ನಿಂತಿತೆಂದು ಇಲ್ಲಿ ಯಾರೂ ಅದನ್ನು ಒಡನೆಯೇ ಎಸೆಯುವುದಿಲ್ಲ. ಮೇಸ್ತ್ರಿಯನ್ನು ಕರೆಸಿ, ಸವೆದ ಹಲ್ಲುಚಕ್ರಕ್ಕೆ ಬದಲು ಇನ್ನೊಂದನ್ನು ಲೇತಿನಲ್ಲಿ ಕಡೆಸಿ, ಮತ್ತೆ ಓಡಿಸುವರು. ಇಂತಹ ಊರಿನವರಾದ ನಮಗೆ, ಎರಡನೆಯ ಮಹಾಯುದ್ಧದ ಕಾಲದ ಟ್ಯಾಂಕುಗಳನ್ನೂ ಕವಚವಾಹನಗಳನ್ನೂ ದುರಸ್ತಿ ಮಾಡಿ ಪುನಃ ಓಡಿಸುವ ವಿದ್ಯೆಯೊಂದು ಜಗತ್ತಿನಲ್ಲಿ ಬೆಳೆದು ನಿಂತಿದೆಯೆಂದರೆ ಅದು ತೀರ ಅಪರಿಚಿತವಾದ ಮಾತೆನಿಸಲಾರದು.

ಈ ವಿಷಯದತ್ತ ನಮ್ಮ ಗಮನವನ್ನು ಸೆಳೆದವರು ಯಾವ ಪಂಡಿತರೂ ಅಲ್ಲ. ನಮ್ಮ ಹೋಟೆಲಿನ ಹಿರಿಯ ಅಡುಗೆಯವರು. ಸುಳ್ಯದ ಕಡೆಯವರಾದ ಅವರನ್ನು ನಾವೆಲ್ಲರೂ ಗೌಡರೆಂದೇ ಕರೆಯುವುದು. ಹೆಸರು ಬರೆಯುವುದು ಬೇಡವೆಂದು ಅವರೇ ಹೇಳಿದ್ದಾರೆ. ಅವರ ತಂದೆ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ಪಡೆಯಲ್ಲಿ ಸಿಪಾಯಿಯಾಗಿದ್ದವರು. ಮನೆಗೆ ಮರಳಿದ ಮೇಲೆ ಅವರು ಮಕ್ಕಳಿಗೆ ಒಂದು ಕಥೆಯನ್ನು ಮಾತ್ರ ಪದೇ ಪದೇ ಹೇಳುತ್ತಿದ್ದರಂತೆ: “ಕಾಶ್ಮೀರದ ಬೆಟ್ಟಕ್ಕೆ ನಾವು ದಾರಿ ಕಡಿದೆವು. ಟ್ಯಾಂಕಿನ ತಲೆ ಬಿಚ್ಚಿ, ಮುಂಡವನ್ನು ಬೇರೆ, ತಲೆಯನ್ನು ಬೇರೆ ಸಾಗಿಸಿ, ಮೇಲೆ ಹೋದ ಮೇಲೆ ಜೋಡಿಸಿದರು.” ಮಕ್ಕಳು ನಕ್ಕುಬಿಡುತ್ತಿದ್ದರು. ಊರಿನವರೂ ನಗುತ್ತಿದ್ದರು. ಕೊನೆಗೆ ಆ ಮನುಷ್ಯ ಹೇಳುವುದನ್ನೇ ನಿಲ್ಲಿಸಿದರು.

“ಯಜಮಾನರೇ, ನನಗೀಗ ಅರುವತ್ತು ಮೀರಿತು. ಅಪ್ಪ ಹೇಳಿದ್ದು ಸುಳ್ಳೋ ನಿಜವೋ ಒಮ್ಮೆ ಕಣ್ಣಿನಿಂದ ನೋಡಿ ತಿಳಿಯಬೇಕು” ಎಂದು ಗೌಡರು ಕೇಳಿದಾಗ ನಾವು ಇಲ್ಲವೆನ್ನಲಾರದೆ ಹೋದೆವು. ಒಂದು ರವಿವಾರ ಹೊರಟೆವು.

ಹೋಗಬೇಕಾದುದು ಅಹಮದನಗರಕ್ಕೆ. 2024ರಿಂದ ಆ ಊರಿಗೆ ಅಹಿಲ್ಯಾನಗರವೆಂಬ ಹೆಸರು. ನಮ್ಮ ಭಿವಂಡಿಯಿಂದಲೇ ಆರಂಭವಾಗುವ 61ನೆಯ ಸಂಖ್ಯೆಯ ರಾಷ್ಟ್ರೀಯ ಹೆದ್ದಾರಿಯು ಕಲ್ಯಾಣ, ಮುರ್ಬಾಡ್‌ಗಳನ್ನು ದಾಟಿ, ಮಾಳಶೇಜ್ ಘಟ್ಟವನ್ನೇರಿ, ಆಳೆಫಾಟಾದ ಮೂಲಕ ನೇರವಾಗಿ ಅಲ್ಲಿಗೆ ಮುಟ್ಟಿಸುವುದು. ದಾರಿ ಸುಮಾರು 200 ಕಿಲೋಮೀಟರು. ಕಲ್ಯಾಣವನ್ನು ದಾಟುವಾಗ ನೆನೆಯಬೇಕಾದ ಒಂದು ಸಂಗತಿಯಿದೆ. ಇಂದು ನಾವು ಬಟ್ಟೆಬರೆ ಕೊಳ್ಳಲು ಹೋಗುವ ಉಲ್ಲಾಸನಗರವು ಯುದ್ಧಕಾಲದಲ್ಲಿ ಕಲ್ಯಾಣ ಕ್ಯಾಂಪೆಂಬ ಸೈನಿಕ ಶಿಬಿರವಾಗಿತ್ತು. ದೇಶ ವಿಭಜನೆಯ ಬಳಿಕ ಸಿಂಧದಿಂದ ನಿರಾಶ್ರಿತರಾಗಿ ಬಂದವರು ಆ ಬರಾಕುಗಳಲ್ಲಿಯೇ ನೆಲಸಿದರು. 1949ರಲ್ಲಿ ಅದಕ್ಕೆ ಈಗಿನ ಹೆಸರು ಬಂತು. ಯುದ್ಧವು ನಮ್ಮಿಂದ ದೂರದಲ್ಲೆಲ್ಲೋ ನಡೆದ ಘಟನೆಯೆಂದು ತಿಳಿಯುವುದು ತಪ್ಪು. ಅದರ ಗೋಡೆಗಳ ನಡುವೆಯೇ ನಾವು ದಿನವೂ ತಿರುಗಾಡುತ್ತಿದ್ದೇವೆ.

ನಗರದ ಟ್ಯಾಂಕುಗಳು

ಅಹಮದನಗರವು ಬಹುಕಾಲದಿಂದ ಸೈನ್ಯದ ಊರು. ಅಲ್ಲಿಯ ಕೋಟೆಯಲ್ಲಿಯೇ 1942ರಿಂದ ಪಂಡಿತ ನೆಹರೂ ಅವರು ಬಂಧಿಯಾಗಿದ್ದು ಭಾರತದ ಚರಿತ್ರೆಯನ್ನು ಕುರಿತ ತಮ್ಮ ಪ್ರಸಿದ್ಧ ಗ್ರಂಥವನ್ನು ಬರೆದರು. ನಮ್ಮ ಸೈನ್ಯದ ಟ್ಯಾಂಕು ದಳದ ತರಬೇತಿ ಕೇಂದ್ರವೂ ಇದೇ ಊರಿನಲ್ಲಿರುವುದು. ಆ ಕೇಂದ್ರದವರು 1994ರಲ್ಲಿ ಸ್ಥಾಪಿಸಿದ ಟ್ಯಾಂಕು ವಸ್ತುಸಂಗ್ರಹಾಲಯದಲ್ಲಿ ಸುಮಾರು 50 ವಾಹನಗಳಿವೆ. ರೋಲ್ಸ್ ರಾಯ್ಸ್ ಕಾರಿನ ಮೇಲೆ ಉಕ್ಕಿನ ಹಲಗೆಗಳನ್ನು ಹೊದಿಸಿದ ಹಳೆಯ ಕವಚಗಾಡಿ, ಬ್ರಿಟಿಷರ ಮಟಿಲ್ಡಾ, ವ್ಯಾಲೆಂಟೈನ್, ಚರ್ಚಿಲ್ ಟ್ಯಾಂಕುಗಳು, ಜಪಾನೀಯರ ಪುಟ್ಟ ಟ್ಯಾಂಕುಗಳು, ಪಾಕಿಸ್ತಾನದಿಂದ ವಶಪಡಿಸಿಕೊಂಡ ಪ್ಯಾಟನ್, ನಮ್ಮ ಆವಡಿಯಲ್ಲಿ ತಯಾರಾದ ವಿಜಯಂತ ಮುಂತಾದವುಗಳನ್ನು ಅಲ್ಲಿ ಕಾಣಬಹುದು. ಹೆಚ್ಚಿನವು ಬಯಲಿನಲ್ಲಿಯೇ, ಬಣ್ಣ ಬಳಿದುಕೊಂಡು, ಮೌನವಾಗಿ ನಿಂತಿವೆ.

ಗೌಡರು ಒಂದು ಟ್ಯಾಂಕಿನ ಮುಂದೆ ಬಹಳ ಹೊತ್ತು ನಿಂತರು. ಬಳಿಕ ಅಲ್ಲಿದ್ದ ಸೈನಿಕರೊಬ್ಬರನ್ನು ತಮ್ಮ ಹರಕು ಹಿಂದಿಯಲ್ಲಿ ಕೇಳಿದರು: ಇದರ ತಲೆಯನ್ನು ಬಿಚ್ಚಲು ಬರುವುದೇ?

ಆ ಸೈನಿಕರು ನಗಲಿಲ್ಲ. ಫಿರಂಗಿಯುಳ್ಳ ಮೇಲಿನ ಗೋಪುರವು ಗುಂಡುಗಳುಳ್ಳ ದೊಡ್ಡ ಬೇರಿಂಗಿನ ಉಂಗುರದ ಮೇಲೆ ಕುಳಿತಿರುವುದೆಂದೂ, ಹಿಡಿಕೆಗಳನ್ನೂ ಬೋಲ್ಟುಗಳನ್ನೂ ಬಿಚ್ಚಿ ಕ್ರೇನಿನಿಂದ ಎತ್ತಿದರೆ ಅದು ಬೇರೆಯಾಗುವುದೆಂದೂ ಸಾವಧಾನವಾಗಿ ವಿವರಿಸಿದರು. ಬೀಸುವ ಕಲ್ಲಿನ ಮೇಲ್ಕಲ್ಲು ಕೆಳಕಲ್ಲಿನ ಮೇಲೆ ಕುಳಿತಂತೆ ಎಂದು ನಾವು ಕನ್ನಡದಲ್ಲಿ ಹೇಳಿದಾಗ ಗೌಡರಿಗೆ ಅರ್ಥವಾಯಿತು. “ಹಾಗಾದರೆ ಅಪ್ಪ ಹೇಳಿದ್ದು ಸುಳ್ಳಲ್ಲ” ಎಂದರು. ಮತ್ತೆ ಮಾತನಾಡಲಿಲ್ಲ.

ಅವರ ತಂದೆ ಹೇಳಿದ್ದು ಸುಳ್ಳಲ್ಲವಷ್ಟೇ ಅಲ್ಲ, ಚರಿತ್ರೆಯಲ್ಲಿ ದಾಖಲಾಗಿರುವ ಘಟನೆ. 1948ರಲ್ಲಿ ಶ್ರೀನಗರದಿಂದ ಲೇಹಕ್ಕೆ ಹೋಗುವ ಸುಮಾರು 11,500 ಅಡಿ ಎತ್ತರದ ಜೋಜಿಲಾ ಕಣಿವೆಯು ಶತ್ರುಗಳ ಕೈಯಲ್ಲಿತ್ತು. ಅಲ್ಲಿಗೆ ಟ್ಯಾಂಕುಗಳನ್ನೇ ಕೊಂಡೊಯ್ಯುವ ಸಾಹಸಕ್ಕೆ ಕೈಹಾಕಿದವರು ನಮ್ಮ ಮಡಿಕೇರಿಯ ಜನರಲ್ ತಿಮ್ಮಯ್ಯನವರು. ಅಮೆರಿಕದಲ್ಲಿ ತಯಾರಾದ ಸ್ಟುವರ್ಟ್ ಎಂಬ ಹಗುರ ಟ್ಯಾಂಕುಗಳ ಗೋಪುರಗಳನ್ನು ಬಿಚ್ಚಿ, ಗುಟ್ಟಾಗಿ ಶ್ರೀನಗರದ ಮಾರ್ಗವಾಗಿ ಬಾಲ್ತಾಲಕ್ಕೆ ಸಾಗಿಸಿದರು. ಬಾಲ್ತಾಲದಿಂದ ಕಣಿವೆಗೆ ದಾರಿ ಕಡಿದವರು ಮದ್ರಾಸ್ ಸ್ಯಾಪರ್ಸ್‌ನವರು. ನವೆಂಬರ್ 1ರಂದು ಹಿಮದ ನಡುವೆ ಏಳನೆಯ ಲೈಟ್ ಕ್ಯಾವಲ್ರಿಯ ಟ್ಯಾಂಕುಗಳು ಏರಿಬಂದುದನ್ನು ಕಂಡು ಶತ್ರುಗಳು ದಿಕ್ಕೆಟ್ಟರು. ಅಷ್ಟು ಎತ್ತರದಲ್ಲಿ ಟ್ಯಾಂಕುಗಳು ಹೋರಾಡಿದುದು ಜಗತ್ತಿನಲ್ಲಿ ಅದೇ ಮೊದಲೆಂದು ಹೇಳುವರು. ಆ ತಿಂಗಳಲ್ಲಿಯೇ ಲೇಹದ ದಾರಿ ತೆರೆಯಿತು. ತಿಮ್ಮಯ್ಯನವರ ಮಡಿಕೇರಿಯ ಮನೆ ‘ಸನ್ನಿ ಸೈಡ್’ 2021ರಿಂದ ವಸ್ತುಸಂಗ್ರಹಾಲಯವಾಗಿದ್ದು, ಅದರ ಅಂಗಳದಲ್ಲಿಯೂ ಒಂದು ಟ್ಯಾಂಕು ನಿಂತಿದೆ. ಊರಿಗೆ ಹೋಗುವವರು ಅವಶ್ಯವಾಗಿ ನೋಡತಕ್ಕದ್ದು.

ಓಡಿಸುವ ವಿದ್ಯೆ

ನಿಂತ ಟ್ಯಾಂಕನ್ನು ನೋಡುವುದು ಒಂದು. ಓಡುವ ಟ್ಯಾಂಕನ್ನು ನೋಡುವುದು ಇನ್ನೊಂದು. ಇಂಗ್ಲೆಂಡಿನ ಡಾರ್ಸೆಟ್ ಪ್ರಾಂತದ ಬೋವಿಂಗ್ಟನ್ ಎಂಬಲ್ಲಿಯ ಟ್ಯಾಂಕು ವಸ್ತುಸಂಗ್ರಹಾಲಯವು ಈ ಕೆಲಸದಲ್ಲಿ ಬಹಳ ಹೆಸರಾದುದು. 1943ರ ಏಪ್ರಿಲಿನಲ್ಲಿ ಟ್ಯುನೀಸಿಯಾದಲ್ಲಿ ಬ್ರಿಟಿಷರ ಕೈಸೇರಿದ ಜರ್ಮನರ ಟೈಗರ್ ಟ್ಯಾಂಕೊಂದು ಅಲ್ಲಿದೆ. 57 ಟನ್ ಭಾರದ ಆ ಟ್ಯಾಂಕನ್ನು 1990ರಲ್ಲಿ ಬಿಚ್ಚಿ ಕೆಲಸಕ್ಕೆ ಕೈಹಾಕಿದವರು, ಓಡುವ ಎಂಜಿನಿನೊಂದಿಗೆ ಅದನ್ನು ಮರಳಿ ತಂದು ನಿಲ್ಲಿಸಿದ್ದು 2003ರ ಕೊನೆಯಲ್ಲಿ. ಹದಿಮೂರು ವರ್ಷಗಳ ದುಡಿಮೆ! ವರ್ಷದಲ್ಲಿ ಕೆಲವೇ ದಿನ ಅದನ್ನು ಓಡಿಸುವರು. ಅದನ್ನು ಕಾಣಲೆಂದು ಜನರು ದೂರದೂರದಿಂದ ಬಂದು ನೆರೆಯುವರು.

ಇದರ ಕೆಲಸದ ಕ್ರಮವನ್ನು ತಿಳಿದರೆ ನಮ್ಮ ಗ್ಯಾರೇಜಿನ ಹುಡುಗರು ಮೆಚ್ಚಿ ತಲೆದೂಗುವರು. ಹಳೆಯ ವಾಹನ ಕೈಗೆ ಬಂದೊಡನೆ ಎಂಜಿನನ್ನು ಚಾಲೂ ಮಾಡಿ ನೋಡುವ ಚಪಲವನ್ನು ಮೊದಲು ಅಡಗಿಸಬೇಕು. ಅಮೆರಿಕದ ಶೆರ್ಮನ್ ಟ್ಯಾಂಕನ್ನೇ ತೆಗೆದುಕೊಳ್ಳಿರಿ. ಅದರ ಕೆಲವು ಮಾದರಿಗಳಲ್ಲಿದ್ದುದು ವಿಮಾನಕ್ಕೆಂದು ಮಾಡಿದ ಎಂಜಿನು. ಒಂಬತ್ತು ಸಿಲಿಂಡರುಗಳು ಚಕ್ರದ ಅರಗಳಂತೆ ಸುತ್ತಲೂ ನಿಂತಿರುವುವು. ವಾಹನ ನಿಂತಿರುವಾಗ ಎಣ್ಣೆಯು ಜಿನುಗಿ ಕೆಳಗಿನ ಸಿಲಿಂಡರುಗಳಲ್ಲಿ ಶೇಖರವಾಗುವುದು. ಅದನ್ನರಿಯದೆ ಚಾಲೂ ಮಾಡಿದರೆ, ಎಣ್ಣೆಯನ್ನು ಹಿಂಡಿ ಚಿಕ್ಕದು ಮಾಡುವುದು ಅಸಾಧ್ಯವಾದುದರಿಂದ ಒಳಗಿನ ಕಬ್ಬಿಣದ ದಂಡವೇ ಬಾಗಿಹೋಗುವುದು. ಆದುದರಿಂದ ಮೊದಲು ಹಿಡಿಕೆ ಹಾಕಿ ಕೈಯಿಂದಲೇ ಎಂಜಿನನ್ನು ಅನೇಕ ಸುತ್ತು ತಿರುಗಿಸಬೇಕು. ಯುದ್ಧಕಾಲದ ಸಿಪಾಯಿಗಳೂ ಪ್ರತಿ ಬೆಳಿಗ್ಗೆ ಇದನ್ನೇ ಮಾಡುತ್ತಿದ್ದರು.

ಮುಂದೆ ಪ್ರತಿಯೊಂದು ಭಾಗವನ್ನೂ ಬಿಚ್ಚುವಾಗ ಫೋಟೋ ತೆಗೆದು, ಚೀಟಿ ಕಟ್ಟಿ ಇಡಬೇಕು. ಪೆಟ್ರೋಲಿನ ಟಾಂಕಿಯೊಳಗಿನ ತುಕ್ಕನ್ನು ತೊಳೆಯಬೇಕು. ರಬ್ಬರಿನ ಕೊಳವೆಗಳನ್ನೂ ಸೀಲುಗಳನ್ನೂ ಬದಲಿಸಬೇಕು. ಈಗ ನಮ್ಮ ದೇಶದ ಪಂಪುಗಳಲ್ಲಿ ದೊರೆಯುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಬೆರೆತಿರುವುದರಿಂದ ಹಳೆಯ ರಬ್ಬರು ಅದರಲ್ಲಿ ಊದಿಕೊಂಡು ಕೆಡುವುದು. ಹಳೆಯ ಬ್ರೇಕುಗಳಲ್ಲಿ ಕಲ್ನಾರಿನ ಧೂಳಿರುವುದು; ಅದು ಶ್ವಾಸಕೋಶಕ್ಕೆ ವಿಷ. ಕತ್ತಲೆಯಲ್ಲಿ ಹೊಳೆಯುವ ಹಳೆಯ ಗಡಿಯಾರದಂತಹ ಮಾಪಕಗಳ ಮೇಲೆ ರೇಡಿಯಂ ಬಣ್ಣವಿರುವುದು, ಅದನ್ನು ಕೆರೆಯಕೂಡದು. ಮೂಲೆಯಲ್ಲೆಲ್ಲಾದರೂ ಹಳೆಯ ಮದ್ದುಗುಂಡು ಸಿಕ್ಕರೆ ಮುಟ್ಟದೆ ಪೊಲೀಸರಿಗೆ ತಿಳಿಸಬೇಕು.

ಬಿಡಿಭಾಗಗಳು ಎಲ್ಲಿಂದ ಬರಬೇಕು? ಮಟಿಲ್ಡಾ ಟ್ಯಾಂಕಿನಲ್ಲಿದ್ದುದು ಬಸ್ಸುಗಳ ಎಂಜಿನುಗಳಿಗೆ ಸೇರಿದ ಜಾತಿಯ ಎರಡು ಡೀಸೆಲ್ ಎಂಜಿನುಗಳು. ಲಂಡನ್ನಿನ ಬಸ್ಸುಗಳನ್ನು ತಯಾರಿಸುತ್ತಿದ್ದ ಎ.ಇ.ಸಿ. ಕಂಪನಿಯದೇ ಅವುಗಳಲ್ಲಿ ಮೊದಲಿನವು. ಶೆರ್ಮನ್ನಿನ ಇನ್ನೊಂದು ಮಾದರಿಯಲ್ಲಿ ಐದು ಎಂಜಿನುಗಳನ್ನು ಒಟ್ಟಿಗೆ ಜೋಡಿಸಿ, ಮೂವತ್ತು ಸಿಲಿಂಡರುಗಳ ಒಂದೇ ಎಂಜಿನನ್ನಾಗಿ ಮಾಡಿದ್ದರು. ಯುದ್ಧದ ಅವಸರದಲ್ಲಿ ಬೀದಿಯ ವಾಹನದ ಎಂಜಿನೇ ರಣರಂಗಕ್ಕೆ ಹೋಯಿತು. ಆದುದರಿಂದ ಹಳೆಯ ಬಸ್ಸು ಲಾರಿಗಳ ಭಾಗಗಳು ಕೆಲವೊಮ್ಮೆ ಉಪಯೋಗಕ್ಕೆ ಬರುವುವು. ಉಳಿದುದನ್ನು ಮಗ್ಗದ ಮೇಸ್ತ್ರಿಯಂತೆ ಹೊಸದಾಗಿ ಕಡೆಸಬೇಕು.

ನಮ್ಮ ದೇಶವೂ ಇದರಲ್ಲಿ ಹಿಂದುಳಿದಿರಲಿಲ್ಲ. ಯುದ್ಧಕಾಲದಲ್ಲಿ ಕೆನಡಾದ ಫೋರ್ಡ್ ಗಾಡಿಯ ಅಡಿಕಟ್ಟನ್ನು ತಂದು, ಅದಕ್ಕೆ ಜಮಶೇಟ್‌ಪುರದ ಟಾಟಾ ಉಕ್ಕಿನ ಹಲಗೆಗಳನ್ನು ಹೊದಿಸಿ, ನಾಲ್ಕು ಸಾವಿರಕ್ಕೂ ಹೆಚ್ಚು ಕವಚಗಾಡಿಗಳನ್ನು ಭಾರತದಲ್ಲಿಯೇ ತಯಾರಿಸಿದರು. ಸೈನಿಕರು ಅವುಗಳನ್ನು ‘ಟಾಟಾನಗರ’ವೆಂದೇ ಕರೆಯುತ್ತಿದ್ದರು.

ಖರ್ಚಿನ ಮಾತು ಬೇರೆ. ಶೆರ್ಮನ್ ಟ್ಯಾಂಕು ಒಂದು ಕಿಲೋಮೀಟರಿಗೆ 3 ಲೀಟರಿಗೂ ಹೆಚ್ಚು ಪೆಟ್ರೋಲನ್ನು ಕುಡಿಯುವುದು. ಮೇಲಾಗಿ ಓಡಿಸಿದಷ್ಟೂ ಅದು ಸವೆಯುವುದು. ಆದುದರಿಂದಲೇ ಈ ವಿದ್ಯೆಯವರಲ್ಲಿ ಎರಡು ಪಂಥಗಳಿವೆ. ಬದಲಿ ದೊರೆಯದ ವಸ್ತುವನ್ನು ಓಡಿಸಿ ಹಾಳುಮಾಡಬಾರದು, ಕಾಪಾಡಿ ಇಡಬೇಕು ಎನ್ನುವವರು ಕೆಲವರು. ಓಡದ ಯಂತ್ರವು ಶವವಿದ್ದಂತೆ, ಒಳಗೇ ತುಕ್ಕು ಹಿಡಿದು ಸಾಯುವುದು, ಓಡಿಸಬಲ್ಲವರ ಕೈಚಳಕವೂ ಅದರೊಂದಿಗೆ ಸಾಯುವುದು ಎನ್ನುವವರು ಇನ್ನು ಕೆಲವರು. ಎಸ್.ಎಸ್.ಎಲ್.ಸಿ.ವರೆಗೆ ಓದಿದ ನಮಗೆ ಇದರ ತೀರ್ಪು ಹೇಳುವ ಯೋಗ್ಯತೆಯಿಲ್ಲ. ಆದರೆ ಹೋಟೆಲಿನವನ ಅನುಭವದಿಂದ ಒಂದು ಮಾತು ಹೇಳಬಲ್ಲೆವು. ಎಂಟು ದಿನ ಮುಚ್ಚಿಟ್ಟ ರುಬ್ಬುವ ಯಂತ್ರವು ದಿನವೂ ರುಬ್ಬುವ ಯಂತ್ರಕ್ಕಿಂತ ಬೇಗ ಕೆಡುತ್ತದೆ. ಒಂದೇ ಒಂದು ಉಳಿದಿದ್ದರೆ ಕಾಪಾಡಿರಿ. ಹಲವು ಉಳಿದಿದ್ದರೆ ಒಂದನ್ನಾದರೂ ಓಡಿಸಿರಿ. ಇದು ನಮ್ಮ ಅಲ್ಪಮತಿಗೆ ತೋಚಿದ ದಾರಿ.

ಒಂದು ತಪ್ಪೊಪ್ಪಿಗೆ

ಇಷ್ಟೆಲ್ಲ ಉಪದೇಶ ಮಾಡುವ ನಮ್ಮ ಕೈಯೂ ಶುದ್ಧವಲ್ಲ. ನಮ್ಮ ಸೋದರಮಾವನ ಹೋಟೆಲಿನಲ್ಲಿ ಯುದ್ಧಕಾಲದ ಜೀಪೊಂದಿತ್ತು. ಹಿಂದೆ ಯಾವುದೋ ಲಿಲಾವಿನಲ್ಲಿ ಕೊಂಡದ್ದು. ಬಹಳ ಕಾಲ ಹಾಲು, ತರಕಾರಿ ಹೊತ್ತಿತು. ಮಾವ ತೀರಿಕೊಂಡ ಮೇಲೆ, ಇಪ್ಪತ್ತರ ಹರೆಯದಲ್ಲಿ ಗಲ್ಲಾದ ಮೇಲೆ ಕುಳಿತ ನಾವು, ಹಿತ್ತಿಲಿನ ಜಾಗ ಖಾಲಿಯಾಗಲೆಂದು ಅದನ್ನು ಗುಜರಿಗೆ ತೂಕದ ಲೆಕ್ಕದಲ್ಲಿ ಕೊಟ್ಟೆವು. ಒಂದು ಬೋಲ್ಟು ಮಾತ್ರ ಹೇಗೋ ಮೇಜಿನ ಖಾನೆಯಲ್ಲಿ ಉಳಿಯಿತು. ಅದರ ತಲೆಯ ಮೇಲೆ ಇಂಗ್ಲಿಷಿನ ‘ಎಫ್’ ಅಕ್ಷರ ಒತ್ತಿದೆ. ಫೋರ್ಡ್ ಕಂಪನಿಯವರು ತಾವು ಮಾಡಿದ ಯುದ್ಧಕಾಲದ ಜೀಪಿನ ಬೋಲ್ಟುಗಳ ಮೇಲೂ ತಮ್ಮ ಅಕ್ಷರವನ್ನು ಒತ್ತುತ್ತಿದ್ದರೆಂದೂ, ಹಳೆಯ ಜೀಪನ್ನು ಜೋಡಿಸುವವರು ಇಂತಹ ಒಂದೊಂದು ಬೋಲ್ಟಿಗಾಗಿ ದೇಶದೇಶಗಳಲ್ಲಿ ಹುಡುಕುವರೆಂದೂ ತಿಳಿದದ್ದು ಬಹಳ ವರ್ಷಗಳ ಬಳಿಕ. ತಿಳಿದು ಪ್ರಯೋಜನವೇನು? ಜೀಪು ಎಂದೋ ಕರಗಿಹೋಗಿತ್ತು.

ಜೀಪು ಕವಚವಿಲ್ಲದ ಗಾಡಿಯೆಂದು ಯಾರೂ ಹಗುರವಾಗಿ ಕಾಣಬಾರದು. 1965ರಲ್ಲಿ ಖೇಮಕರಣದ ಬಳಿ ವೀರ ಅಬ್ದುಲ್ ಹಮೀದರು ಪ್ಯಾಟನ್ ಟ್ಯಾಂಕುಗಳನ್ನು ಒಡೆದದ್ದು ಜೀಪಿನ ಮೇಲೆ ಕೂರಿಸಿದ ತೋಪಿನಿಂದಲೇ. ಪ್ರಾಣವನ್ನೇ ಅರ್ಪಿಸಿದ ಅವರಿಗೆ ಪರಮವೀರ ಚಕ್ರ ದೊರೆಯಿತು.

ಆದುದರಿಂದ ವಾಚಕ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೇ. ನಿಮ್ಮ ಊರಿನ ಕೊಟ್ಟಿಗೆಯಲ್ಲಿಯೋ ಪರಿಚಿತರ ಹಿತ್ತಿಲಿನಲ್ಲಿಯೋ ಇಂತಹ ಹಳೆಯ ವಾಹನವಿದ್ದರೆ ತೂಕಕ್ಕೆ ಮಾರುವ ಮುನ್ನ ತಿಳಿದವರನ್ನು ಕೇಳಿರಿ. 2021ರಲ್ಲಿ ಕೇಂದ್ರ ಸರಕಾರವು 50 ವರ್ಷ ಮೀರಿದ, ಮೂಲರೂಪದಲ್ಲಿರುವ ದ್ವಿಚಕ್ರ ಹಾಗೂ ಚತುಷ್ಚಕ್ರ ವಾಹನಗಳ ನೋಂದಣಿಗಾಗಿ ಪ್ರತ್ಯೇಕ ನಿಯಮವನ್ನು ಮಾಡಿದೆ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷಗಳ ಬಳಿಕ ನವೀಕರಣಕ್ಕೆ 5,000 ರೂಪಾಯಿ ಶುಲ್ಕ. ನಂಬರು ಹಲಗೆಯ ಮೇಲೆ ‘ವಿ.ಎ.’ ಎಂಬ ಅಕ್ಷರಗಳಿರುವುವು. ಪ್ರದರ್ಶನ, ರ‍್ಯಾಲಿ ಮೊದಲಾದವುಗಳಿಗೆ ಓಡಿಸಬಹುದು. ದಿನನಿತ್ಯದ ಓಡಾಟಕ್ಕೂ ಬಾಡಿಗೆಗೂ ಓಡಿಸಕೂಡದು.

ಗ್ಯಾರೇಜುಗಳಲ್ಲಿ ದುಡಿಯುವ ನಮ್ಮ ತರುಣರು ಎಣ್ಣೆ ಮೆತ್ತಿದ ಕೈಯನ್ನು ಕಂಡು ನಾಚಬೇಕಾದುದಿಲ್ಲ. ಇತರ ದೇಶಗಳಲ್ಲಿ ಆ ಕೈಗಾಗಿಯೇ ವಸ್ತುಸಂಗ್ರಹಾಲಯಗಳು ಕಾದಿರುವುವು.

ಕಡೆಯದಾಗಿ ಇನ್ನೊಂದು. ವಾಹನವಿಲ್ಲದವರ ಮನೆಯಲ್ಲಿಯೂ ಹಿರಿಯರ ಮಾತುಗಳಿರುವುವು. ಸೈನ್ಯದಲ್ಲಿದ್ದ ತಂದೆಯದೋ ಅಜ್ಜನದೋ ಪದಕ, ಕಾಗದ, ಫೋಟೋ ಪೆಟ್ಟಿಗೆಯಲ್ಲಿದ್ದರೆ ಹೊರತೆಗೆದು, ಅವರು ಹೇಳಿದ್ದನ್ನು ಒಂದು ಪುಸ್ತಕದಲ್ಲಿ ಬರೆದಿಡಿರಿ. ನಂಬಲು ಕಷ್ಟವಾದ ಮಾತನ್ನೂ ಬರೆಯಿರಿ.

ಘಟ್ಟವಿಳಿದು ಬರುವಾಗ ಕತ್ತಲಾಗಿತ್ತು. ಮುರ್ಬಾಡಿನಲ್ಲಿ ಚಹಕ್ಕೆ ನಿಂತಾಗ ಗೌಡರು ಊರಿನಲ್ಲಿರುವ ತಮ್ಮ ತಮ್ಮನಿಗೆ ಫೋನು ಮಾಡಿದರು. ಕ್ಷೇಮಸಮಾಚಾರ ಒಂದನ್ನೂ ಕೇಳಲಿಲ್ಲ. “ಅಪ್ಪ ಹೇಳಿದ್ದು ನಿಜವಂತೆ ಮಾರಾಯ. ತಲೆ ಬಿಚ್ಚಲಿಕ್ಕೆ ಆಗ್ತದಂತೆ” ಎಂದರು. ಆ ಕಡೆಯಿಂದ ಏನು ಉತ್ತರ ಬಂತೆಂದು ನಾವು ಕೇಳಲಿಲ್ಲ. ಮರುದಿನ ಬೆಳಿಗ್ಗೆ ಐದು ಗಂಟೆಗೆ ಅವರು ಎಂದಿನಂತೆ ಇಡ್ಲಿಯ ಒಲೆ ಹೊತ್ತಿಸಿದ್ದರು.