ಹೋಟೆಲಿನ ಸಾಂಬಾರು, ಮನೆಯ ಹುಳಿ

ಭಾನುವಾರ ಬೆಳಿಗ್ಗೆ ಮಾಟುಂಗಾದ ಕಿಂಗ್ಸ್ ಸರ್ಕಲ್ ಪರಿಸರದಲ್ಲಿ ಒಮ್ಮೆ ಸುತ್ತಾಡಿ ಬಂದರೆ ಸಾಕು, ನಮ್ಮ ನಾಡಿನ ತಿಂಡಿಗೆ ಈ ಮಹಾನಗರವು ಕೊಟ್ಟಿರುವ ಮನ್ನಣೆ ಎಂತಹುದೆಂಬುದು ಅರಿವಾಗುತ್ತದೆ. ಹೋಟೆಲಿನ ಬಾಗಿಲಲ್ಲಿ ಹೆಸರು ಬರೆಯಿಸಿ ಕಾದು ನಿಂತವರಲ್ಲಿ ಗುಜರಾತಿಗಳಿದ್ದಾರೆ, ಮರಾಠಿಗರಿದ್ದಾರೆ, ಪಾರ್ಸಿಗಳಿದ್ದಾರೆ. ನಡುವೆ ನಮ್ಮವರೂ ಇದ್ದಾರೆ. ಇತ್ತೀಚೆಗೆ ಅಂಥದೊಂದು ಬೆಳಿಗ್ಗೆ ನಮ್ಮೊಡನೆ ಬಂದಿದ್ದ ಬಂಧುಗಳ ಮನೆಯ ಎಂಟು ವರ್ಷದ ಹುಡುಗಿ ಇಡ್ಲಿಯನ್ನು ಸಾಂಬಾರಿನಲ್ಲಿ ಅದ್ದಿ ತಿನ್ನುತ್ತ, "ಅಜ್ಜಿ ಮಾಡುವುದು ಸಾಂಬಾರೇ ಅಲ್ಲ, ಅದು ಹುಳಿ ಹುಳಿ" ಎಂದಳು. ಅಜ್ಜಿ ನಕ್ಕು, "ಹೌದು ಮಗಾ, ಅದರ ಹೆಸರೇ ಹುಳಿ" ಎಂದರು. ನಾವೆಲ್ಲರೂ ನಕ್ಕೆವು. ಆದರೆ ಮನೆಗೆ ಮರಳುವ ದಾರಿಯಲ್ಲಿ ಆ ಮಾತು ನಮ್ಮನ್ನು ಬಿಡಲಿಲ್ಲ. ಮಗುವಿನ ಪಾಲಿಗೆ ಹೋಟೆಲಿನ ರುಚಿಯೇ ಮೂಲವಾಗಿ, ಅಜ್ಜಿಯ ಅಡುಗೆಯು ಅದರ ತಪ್ಪಿದ ಪ್ರತಿಯಾಗಿಬಿಟ್ಟಿದೆಯೇ?

ಹೋಟೆಲಿನ ಅಡುಗೆ ಬೇರೆ, ಮನೆಯ ಅಡುಗೆ ಬೇರೆ. ಎರಡಕ್ಕೂ ಅದರದರ ಘನತೆಯಿದೆ. ಈ ಭೇದವೇಕೆ ಉಂಟಾಯಿತು, ಹೋಟೆಲಿಗೆ ಹೋದಾಗ ಏನನ್ನು ತಿನ್ನಬೇಕು, ಮನೆಯಲ್ಲಿ ಏನನ್ನು ಉಳಿಸಿಕೊಳ್ಳಬೇಕು ಎಂಬುದನ್ನು ನಮ್ಮ ಅನುಭವದ ಮಿತಿಯಲ್ಲಿ ಇಲ್ಲಿ ವಿವರಿಸಲು ಯತ್ನಿಸುತ್ತೇವೆ.

ಮಾಟುಂಗಾದ ಪಂಕ್ತಿ

ಮಾಟುಂಗಾವು ದಕ್ಷಿಣ ಭಾರತೀಯರ ನೆಲೆಯಾಗಿ ಬೆಳೆದುದು ಕಳೆದ ಶತಮಾನದ ಪೂರ್ವಾರ್ಧದಲ್ಲಿ. 1926ರಲ್ಲಿ ಸ್ಥಾಪನೆಗೊಂಡ ಮೈಸೂರು ಅಸೋಸಿಯೇಶನ್ ಇಲ್ಲಿಯೇ ಇದೆ. ಕಚೇರಿಗಳಲ್ಲಿ ದುಡಿಯಲು ಬಂದ ಒಂಟಿ ಗಂಡಸರಿಗೆ ಊರಿನ ಊಟ ಬೇಕಾಗಿತ್ತು. ಅದನ್ನು ಬಡಿಸಲು ಉಡುಪಿ ಸೀಮೆಯ ಕೈಗಳು ಸಿದ್ಧವಾಗಿದ್ದವು. ಹೀಗೆ 1939ರಲ್ಲಿ ರಾಮ್ ಆಶ್ರಯ, 1940ರಲ್ಲಿ ಕೆಫೆ ಮದ್ರಾಸ್, 1942ರಲ್ಲಿ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಒಂದರ ಹಿಂದೆ ಒಂದರಂತೆ ತೆರೆದವು. ಮೂರೂ ಇಂದಿಗೂ ನಡೆಯುತ್ತಿವೆ ಎಂಬುದು ಸಾಮಾನ್ಯ ಸಂಗತಿಯಲ್ಲ.

ನಮ್ಮ ಅಭಿಪ್ರಾಯವನ್ನು ಕೇಳುವವರಿಗೆ ಹೇಳುವುದಿಷ್ಟು. ಊಟಕ್ಕೆ ಹೋಗುವುದಾದರೆ ರಾಮ ನಾಯಕರ ಬೋರ್ಡಿಂಗ್. ಬಾಳೆಯೆಲೆಯ ಮೇಲೆ ಅನ್ನ, ಸಾರು, ಪಲ್ಯ, ಮಜ್ಜಿಗೆ ಇವು ಒಂದರ ಹಿಂದೊಂದು ಬರುವ ಕ್ರಮದಲ್ಲಿ ಮಠದ ಪಂಕ್ತಿಯ ಶಿಸ್ತು ಇನ್ನೂ ಉಳಿದಿದೆ. ಅಲ್ಲಿನ ಸಾರನ್ನು ಅನ್ನಕ್ಕೆ ಕಲಸುವ ಮುನ್ನ ಒಂದು ಬಟ್ಟಲು ಹಾಗೆಯೇ ಕುಡಿದು ನೋಡಬೇಕು. ಬೆಳಗಿನ ತಿಂಡಿಗೆ ರಾಮ್ ಆಶ್ರಯ. ನಸುಕಿನಲ್ಲಿಯೇ ಬಾಗಿಲು ತೆರೆಯುವ ಈ ಹೋಟೆಲಿಗೆ ಏಳು ಗಂಟೆಯೊಳಗೆ ಹೋದವರು ಪುಣ್ಯವಂತರು. ಅಲ್ಲಿನ ಅನಾನಸಿನ ಶೀರಾ ಹೆಸರಾದದ್ದು. ಕೆಫೆ ಮದ್ರಾಸಿನಲ್ಲಿ ಎಲ್ಲರೂ ಮಸಾಲೆ ದೋಸೆಯನ್ನೇ ಹೇಳುತ್ತಾರೆ. ನಾವಾದರೋ ರಾಗಿ ದೋಸೆಯನ್ನೂ ರಸಂ ವಡೆಯನ್ನೂ ಹೇಳುತ್ತೇವೆ.

ಮಾಂಸಾಹಾರಿಗಳಾದ ನಮ್ಮ ಓದುಗರು ಇಷ್ಟರಲ್ಲಿಯೇ ಹುಬ್ಬು ಗಂಟಿಕ್ಕಿರಬಹುದು. ಕೋಟೆ ಪ್ರದೇಶದ, ಅಂದರೆ ಫೋರ್ಟಿನ, ಲಂಚ್ ಹೋಮುಗಳನ್ನು ನಾವು ಮರೆತಿಲ್ಲ. ಮಹೇಶ್ ಲಂಚ್ ಹೋಮ್, ಅಪೂರ್ವ ಮೊದಲಾದವು ಕರಾವಳಿಯ ಮೀನಿನ ಗಸಿಯನ್ನು ಇಡೀ ಮುಂಬಯಿಗೆ ಪರಿಚಯಿಸಿದವು. ಒಂದು ಕಾಲಕ್ಕೆ ಗುಮಾಸ್ತರ ಮಧ್ಯಾಹ್ನದ ಊಟಕ್ಕಾಗಿ ಹುಟ್ಟಿದ ಈ ಬಗೆಯ ಲಂಚ್ ಹೋಮುಗಳಲ್ಲಿ ಕೆಲವು ಇಂದು ದುಬಾರಿ ಏಡಿಯ ತಾಣಗಳಾಗಿವೆ. ಆದರೂ ನೀರುದೋಸೆ ಮತ್ತು ಗಸಿ ಎಂದು ಕೇಳಿದರೆ ಈಗಲೂ ನಿರಾಶೆಯಾಗದು.

ಸಾಂಬಾರು ಸಿಹಿಯೇಕೆ?

ಮುಂಬಯಿಯ ಉಡುಪಿ ಹೋಟೆಲಿನ ಸಾಂಬಾರು ಸಿಹಿ ಎಂಬುದು ಊರಿನಿಂದ ಬಂದ ಪ್ರತಿಯೊಬ್ಬ ನೆಂಟನ ಮೊದಲ ಆಕ್ಷೇಪ. ಗುಜರಾತಿ ಗಿರಾಕಿಗಳಿಗಾಗಿ ಬೆಲ್ಲ ಸುರಿದರು ಎಂದು ನಾವು ಸುಲಭವಾಗಿ ಉತ್ತರಿಸಿಬಿಡುತ್ತೇವೆ. ಅದರಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವೆಂದರೆ, ಉಡುಪಿಯ ಹುಳಿಗೆ ಬೆಲ್ಲದ ಒಂದು ತುಣುಕು ಮೊದಲಿನಿಂದಲೂ ಇದೆ. ಅಲ್ಲಿ ಬೆಲ್ಲವು ಹುಣಸೆಯ ತೀಕ್ಷ್ಣತೆಯನ್ನು ತಗ್ಗಿಸಲು ಬಂದದ್ದು. ಇಲ್ಲಿ ಹುಣಸೆ ಹಿಂದೆ ಸರಿದು ಬೆಲ್ಲ ಮುಂದೆ ಬಂದಿದೆ.

ಹೆಚ್ಚಿನ ವ್ಯತ್ಯಾಸವಿರುವುದು ತೆಂಗಿನಕಾಯಿಯಲ್ಲಿ. ಮನೆಯ ಹುಳಿಗೆ ಮಸಾಲೆಯನ್ನು ಆಗಲೇ ಹುರಿದು, ಹಸಿ ತೆಂಗಿನ ತುರಿಯೊಡನೆ ರುಬ್ಬಿ ಹಾಕುತ್ತಾರೆ. ಹಾಗೆ ರುಬ್ಬಿದ ಹುಳಿಯು ಮುಂಬಯಿಯ ಸೆಖೆಯಲ್ಲಿ ಸಂಜೆಯವರೆಗೆ ತಾಳುವುದು ಕಷ್ಟ. ಬೆಳಗಿನಿಂದ ರಾತ್ರಿಯವರೆಗೆ ಬಡಿಸಬೇಕಾದ ಹೋಟೆಲಿನವರಿಗೆ ತೆಂಗಿಲ್ಲದ, ಪುಡಿ ಹಾಕಿದ, ಬೇಳೆ ತೆಳುವಾದ ಸಾಂಬಾರೇ ಅನುಕೂಲ. ಎಷ್ಟು ಕೇಳಿದರೂ ಬಡಿಸುವ ಪದಾರ್ಥವಾದ್ದರಿಂದ ಲೆಕ್ಕವೂ ನೋಡಬೇಕು. ಇದು ವ್ಯವಹಾರದ ಅನಿವಾರ್ಯತೆ.

ಉಡುಪಿಯ ಅಡುಗೆಯ ವೈವಿಧ್ಯಕ್ಕೆ ಕಾರಣವಾದ ಇನ್ನೊಂದು ಸಂಗತಿಯನ್ನು ಇಲ್ಲಿ ನೆನೆಯಬೇಕು. ಮಾಧ್ವ ಸಂಪ್ರದಾಯದ ಚಾತುರ್ಮಾಸ್ಯದಲ್ಲಿ ಮೊದಲ ತಿಂಗಳು ತರಕಾರಿ, ಎರಡನೆಯ ತಿಂಗಳು ಮೊಸರು, ಮೂರನೆಯ ತಿಂಗಳು ಹಾಲು, ನಾಲ್ಕನೆಯ ತಿಂಗಳು ದ್ವಿದಳ ಧಾನ್ಯ ವರ್ಜ್ಯ. ಒಂದೊಂದನ್ನು ಬಿಟ್ಟು ಅಡುಗೆ ಮಾಡಬೇಕಾದ ಈ ನಿರ್ಬಂಧದಲ್ಲಿ ಎಷ್ಟೋ ಬಗೆಯ ಸಾರು, ಗೊಜ್ಜು, ತಂಬುಳಿಗಳು ರೂಪುಗೊಂಡವು. ಹೋಟೆಲಿನ ಪಟ್ಟಿಗೆ ಇವುಗಳಲ್ಲಿ ಬೆರಳೆಣಿಕೆಯಷ್ಟು ಮಾತ್ರ ಬಂದವು. ಮಿಕ್ಕವು ಮನೆಯಲ್ಲಿಯೇ ಉಳಿದವು. ಮನೆಯಲ್ಲಿ ಮಾಡುವುದನ್ನು ಬಿಟ್ಟರೆ ಅವು ಎಲ್ಲಿಯೂ ಸಿಗುವುದಿಲ್ಲ.

ಮನೆಯಲ್ಲಿ ಮಾಡಿ ನೋಡಿ

ಮೊದಲು ಇಡ್ಲಿಯ ಮಾತು. ಕರಾವಳಿಯ ಕ್ರಮದಲ್ಲಿ ಒಂದು ಲೋಟ ಉದ್ದಿಗೆ ಎರಡು ಲೋಟ ಇಡ್ಲಿ ರವೆ ಸಾಕು. ಉದ್ದನ್ನು ನಾಲ್ಕು ಗಂಟೆ ನೆನೆಸಿ ನುಣ್ಣಗೆ ರುಬ್ಬಿ, ತೊಳೆದು ಹಿಂಡಿದ ರವೆಯನ್ನು ಬೆರೆಸಬೇಕು. ಮಿಕ್ಸರಿನಲ್ಲಿ ರುಬ್ಬುವವರು ತಣ್ಣನೆಯ ನೀರನ್ನೇ ಬಳಸಬೇಕು. ಯಂತ್ರ ಬಿಸಿಯಾದರೆ ಹಿಟ್ಟು ಸರಿಯಾಗಿ ಉಬ್ಬುವುದಿಲ್ಲ. ಇನ್ನು ಮುಂಬಯಿಯ ಹವೆ. ಮೇ ತಿಂಗಳಿನಲ್ಲಿ ಐದಾರು ಗಂಟೆಗಳಲ್ಲಿಯೇ ಹಿಟ್ಟು ಉಕ್ಕಿ ಪಾತ್ರೆಯಿಂದ ಹೊರಬರುತ್ತದೆ. ಜನವರಿಯಲ್ಲಿ ಹನ್ನೆರಡು ಗಂಟೆ ಕಳೆದರೂ ಮೈ ಮುರಿಯುವುದಿಲ್ಲ. ಉಪ್ಪು ಹುದುಗುವಿಕೆಯನ್ನು ನಿಧಾನಗೊಳಿಸುತ್ತದೆಯಾದ್ದರಿಂದ ಬೇಸಿಗೆಯಲ್ಲಿ ಉಪ್ಪನ್ನು ರಾತ್ರಿಯೇ ಹಾಕಿ, ಚಳಿಗಾಲದಲ್ಲಿ ಬೆಳಿಗ್ಗೆ ಹಾಕಿ. ಈ ಒಂದು ಸೂಕ್ಷ್ಮವನ್ನು ತಿಳಿಯದೆ ನಾವು ಹಲವು ವರ್ಷ ಉದ್ದಿನ ಅಂಗಡಿಯವನನ್ನು ಬೈದಿದ್ದೇವೆ.

ಹೋಟೆಲಿನ ದೋಸೆಯ ಹೊಂಬಣ್ಣಕ್ಕೆ ದಪ್ಪನೆಯ ಕಬ್ಬಿಣದ ಕಾವಲಿಯೂ ಅದರ ಒಂದೇ ಸಮನಾದ ಕಾವೂ ಮುಖ್ಯ ಕಾರಣ. ಮನೆಯಲ್ಲಿ ರುಬ್ಬುವಾಗ ಒಂದು ಹಿಡಿ ಅವಲಕ್ಕಿಯನ್ನೂ ಒಂದು ಚಮಚ ಕಡಲೆಬೇಳೆಯನ್ನೂ ಸೇರಿಸಿ, ಹುಯ್ಯುವ ಮುನ್ನ ಚಿಟಿಕೆ ಸಕ್ಕರೆ ಹಾಕಿದರೆ ಬಣ್ಣ ಬರುತ್ತದೆ. ಪ್ರತಿ ದೋಸೆಗೂ ಮುನ್ನ ಕಾವಲಿಗೆ ನೀರು ಚಿಮುಕಿಸಿ ಒರೆಸಬೇಕು. ಕಾವಲಿ ಅತಿಯಾಗಿ ಕಾದಿದ್ದರೆ ಹಿಟ್ಟು ಸೌಟಿಗೇ ಅಂಟಿಕೊಂಡು ಮೇಲೆ ಬರುತ್ತದೆ.

ನೀರುದೋಸೆಗೆ ಹುದುಗಿಸುವ ಗೋಜಿಲ್ಲ. ಮುಂಬಯಿಯಲ್ಲಿ ಎಲ್ಲೆಡೆ ದೊರೆಯುವ ಕೋಲಂ ಅಕ್ಕಿಯನ್ನು ನೆನೆಸಿ, ಸ್ವಲ್ಪ ತೆಂಗಿನ ತುರಿಯೊಡನೆ ನುಣ್ಣಗೆ ರುಬ್ಬಿ, ಮಜ್ಜಿಗೆಯಷ್ಟು ತೆಳ್ಳಗೆ ಮಾಡಬೇಕು. ಅಕ್ಕಿ ತಳದಲ್ಲಿ ಕೂರುವುದರಿಂದ ಪ್ರತಿ ಸಲವೂ ಸೌಟಿನಿಂದ ಕದಡಿ ಹುಯ್ಯಬೇಕು. ದೋಸೆಯನ್ನು ಮಗುಚಬಾರದು, ಮುಚ್ಚಳ ಮುಚ್ಚಿ ಬೇಯಿಸಬೇಕು.

ಇನ್ನು ಹುಳಿ. ನಾಲ್ವರ ಮನೆಗೆ ಅರ್ಧ ಲೋಟ ತೊಗರಿಬೇಳೆ, ಎರಡು ದೊಡ್ಡ ಚಮಚ ಕೊತ್ತಂಬರಿ, ಒಂದು ಸಣ್ಣ ಚಮಚ ಉದ್ದಿನಬೇಳೆ, ಕಾಲು ಚಮಚ ಮೆಂತ್ಯ, ಐದಾರು ಬ್ಯಾಡಗಿ ಮೆಣಸು, ಅರ್ಧ ಬಟ್ಟಲು ತೆಂಗಿನ ತುರಿ. ಮಸಾಲೆಗಳನ್ನು ತೆಂಗಿನೆಣ್ಣೆಯಲ್ಲಿ ಬೇರೆ ಬೇರೆಯಾಗಿ ಹುರಿಯಿರಿ. ಮೆಂತ್ಯ ಕಪ್ಪಾದರೆ ಹುಳಿಯೆಲ್ಲ ಕಹಿ. ತರಕಾರಿ ಬೆಂದ ಮೇಲೆಯೇ ಹುಣಸೆರಸ ಹಾಕಿ, ಏಕೆಂದರೆ ಹುಳಿಯಲ್ಲಿ ತರಕಾರಿ ಬೇಗ ಮೆತ್ತಗಾಗುವುದಿಲ್ಲ. ಬಳಿಕ ನೆಲ್ಲಿಕಾಯಿಯಷ್ಟು ಬೆಲ್ಲ. ರುಬ್ಬಿದ ಮಸಾಲೆ ಸೇರಿಸಿದ ಅನಂತರ ಒಂದು ಕುದಿ ಸಾಕು. ಹೆಚ್ಚು ಕುದಿಸಿದರೆ ತೆಂಗಿನ ಸೊಗಸು ಹೋಗುತ್ತದೆ. ಮಂಗಳೂರು ಸೌತೆ ಬೇಕಾದವರು ಮಾಟುಂಗಾದ ಮಾರುಕಟ್ಟೆಯಲ್ಲಿ ಹುಡುಕಬಹುದು. ಬಾಳೆಯೆಲೆಯೂ ಅಲ್ಲಿಯೇ ದೊರೆಯುತ್ತದೆ. ಊರಿನಿಂದ ಯಾರಾದರೂ ಮಟ್ಟುಗುಳ್ಳ ತಂದುಕೊಟ್ಟರೆ ಅಂದು ಬೇರಾವ ಅಡುಗೆಯೂ ಬೇಡ.

ಮಳೆಗಾಲದಲ್ಲಿ ಪತ್ರೊಡೆಯನ್ನು ಮರೆಯಬಾರದು. ಆಗ ಮುಂಬಯಿಯ ಪ್ರತಿ ಸಂತೆಯಲ್ಲಿಯೂ 'ಅಳು' ಎಂಬ ಹೆಸರಿನಲ್ಲಿ ಕೆಸುವಿನೆಲೆ ಸಿಗುತ್ತದೆ. ಕಪ್ಪು ದಂಟಿನ ಎಲೆಯನ್ನು 'ವಡಿ'ಗೆ ಬೇಕೆಂದು ಕೇಳಿ ಪಡೆಯಿರಿ. ಮರಾಠಿಗರು ಕಡಲೆಹಿಟ್ಟು ಹಚ್ಚುವಲ್ಲಿ ನಾವು ಅಕ್ಕಿ, ತೆಂಗು, ಮೆಣಸು, ಕೊತ್ತಂಬರಿ ರುಬ್ಬಿ ಹಚ್ಚುತ್ತೇವೆ. ಎಲೆಯಲ್ಲಿರುವ ಆಕ್ಸಲೇಟಿನ ಸೂಜಿಯಂತಹ ಹರಳುಗಳಿಂದ ಗಂಟಲು ಕೆರೆಯುತ್ತದೆ. ಆದ್ದರಿಂದ ಹುಣಸೆಯಲ್ಲಿ ಜಿಪುಣತನ ಬೇಡ, ಹಬೆಯಲ್ಲಿ ಮುಕ್ಕಾಲು ಗಂಟೆಗೆ ಕಡಿಮೆ ಬೇಡ. ಪಕ್ಕದ ಮನೆಯವರಿಗೆ ಒಂದು ತಟ್ಟೆ ಕೊಟ್ಟು ನೋಡಿ, ಅವರ ಅಳುವಡಿ ನಿಮ್ಮ ಮನೆಗೆ ಬಾರದೆ ಇರದು.

ಅಂಗಳವಿಲ್ಲವೆಂದು ಕೊರಗುವವರು ಬಾಲ್ಕನಿಯ ಒಂದು ಕುಂಡದಲ್ಲಿ ದೊಡ್ಡಪತ್ರೆಯನ್ನು ನೆಡಬಹುದು. ಹತ್ತು ಎಲೆ, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸುಗಳನ್ನು ತುಪ್ಪದಲ್ಲಿ ಬಾಡಿಸಿ, ತೆಂಗಿನೊಡನೆ ರುಬ್ಬಿ, ಮಜ್ಜಿಗೆಯಲ್ಲಿ ಕಲಸಿದರೆ ತಂಬುಳಿ ಸಿದ್ಧ. ಇದಕ್ಕೆ ಹತ್ತು ನಿಮಿಷ ಸಾಕು. ನಾವು ಕಂಡ ಯಾವ ಹೋಟೆಲಿನ ಪಟ್ಟಿಯಲ್ಲಿಯೂ ಇದು ಇಲ್ಲ.

ಕನ್ನಡದ ಊಟವೆಂದರೆ ಉಡುಪಿ ಮಾತ್ರವಲ್ಲ ಎಂಬುದನ್ನೂ ಹೇಳಿಬಿಡುತ್ತೇವೆ. ಬಿಜಾಪುರ, ಬೆಳಗಾವಿ, ಧಾರವಾಡದ ಕಡೆಯಿಂದ ಬಂದು ನೆಲೆಸಿದ ನಮ್ಮವರ ಮನೆಗಳಲ್ಲಿ ಜೋಳದ ರೊಟ್ಟಿಯ ಸಪ್ಪಳ ಇನ್ನೂ ಕೇಳಿಸುತ್ತದೆ. ನೆರೆಯ ಸೋಲಾಪುರದ ಭಾಕರಿಯು ಅದರ ಒಡಹುಟ್ಟು. ಕುದಿಯುವ ನೀರಿನಲ್ಲಿ ಹಿಟ್ಟು ಕಲಸಿ ಚೆನ್ನಾಗಿ ನಾದಿದರೆ ರೊಟ್ಟಿ ಅಂಚಿನಲ್ಲಿ ಬಿರಿಯುವುದಿಲ್ಲ. ಎಣ್ಣೆಗಾಯಿ ಪಲ್ಯ, ಶೇಂಗಾ ಚಟ್ನಿ ಜೊತೆಗಿದ್ದರೆ ಬೇರೇನೂ ಬೇಡ.

ಕಡೆಯುವ ಕಲ್ಲು

ನಮ್ಮ ತಾಯಿಯವರು ಊರಿನಿಂದ ತಂದ ಕಡೆಯುವ ಕಲ್ಲೊಂದು ನಮ್ಮ ಚಾಳಿನ ಕೋಣೆಯಲ್ಲಿ ಬಹುಕಾಲ ಇತ್ತು. ಉಪನಗರದ ಐದನೆಯ ಮಹಡಿಗೆ ಬಂದಾಗ ಅದೂ ಲಿಫ್ಟಿನಲ್ಲಿ ಮೇಲೇರಿತು. ಕೆಳಗಿನ ಮನೆಯವರು ಸದ್ದಾಗುತ್ತದೆ ಎಂದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಕಲ್ಲು ಬಾಲ್ಕನಿಗೆ ಹೋಯಿತು, ಅದರ ಮೇಲೆ ತುಳಸಿಯ ಕುಂಡ ಕುಳಿತಿತು. ಇಂದು ತಾಯಿಯವರಿಲ್ಲ. ಅವರ ಮೆಣಸ್ಕಾಯಿಗೆ ಎಳ್ಳು ಎಷ್ಟು ಎಂಬುದನ್ನು ನಾವು ಒಮ್ಮೆಯೂ ಕೇಳಿ ಬರೆದಿಟ್ಟುಕೊಳ್ಳಲಿಲ್ಲ. ಕೇಳಿದ್ದರೆ "ಕೈಗೆ ಬಂದಷ್ಟು" ಎನ್ನುತ್ತಿದ್ದರು. ಆ ಕೈಯ ಅಳತೆಯನ್ನಾದರೂ ಒಂದು ಚಮಚದಲ್ಲಿ ಹಿಡಿದುಕೊಳ್ಳಬಹುದಿತ್ತು. ಹತ್ತು ಸಲ ಪ್ರಯತ್ನಿಸಿದ್ದೇವೆ, ಆ ರುಚಿ ಕೈಗೆ ಸಿಕ್ಕಿಲ್ಲ. ಮಾಟುಂಗಾದಲ್ಲಿಯೂ ಸಿಕ್ಕಿಲ್ಲ.

ಆದ್ದರಿಂದ ಓದುಗರಲ್ಲಿ ನಮ್ಮ ವಿನಂತಿ ಇಷ್ಟೇ. ಹೋಟೆಲಿಗೆ ಹೋಗಿ, ಸಂತೋಷದಿಂದ ತಿನ್ನಿ. ಹಗಲು ದುಡಿದು ರಾತ್ರಿ ಶಾಲೆಯಲ್ಲಿ ಕಲಿತ ಮಾಣಿಗಳ ಬೆವರು ಆ ಬೆಳಗಿನ ಇಡ್ಲಿಯಲ್ಲಿದೆ, ಅದನ್ನು ಗೌರವಿಸಿ. ಆದರೆ ಮನೆಯಲ್ಲಿ ಹಿರಿಯರಿದ್ದರೆ ಈ ಭಾನುವಾರ ಅವರ ಪಕ್ಕದಲ್ಲಿ ಒಂದು ಚಮಚ, ಒಂದು ಬಟ್ಟಲು, ಒಂದು ನೋಟುಪುಸ್ತಕ ಹಿಡಿದು ನಿಲ್ಲಿ. ಅವರು ಕೈಯಲ್ಲಿ ತೆಗೆದುದನ್ನು ಪಾತ್ರೆಗೆ ಬೀಳುವ ಮುನ್ನ ಚಮಚದಲ್ಲಿ ಅಳೆದು ಬರೆದುಕೊಳ್ಳಿ. ಮಕ್ಕಳನ್ನೂ ಜೊತೆಗೆ ನಿಲ್ಲಿಸಿಕೊಳ್ಳಿ. ಆ ಎಂಟು ವರ್ಷದ ಹುಡುಗಿಯ ಮನೆಯಲ್ಲಿ ಈಗ ಈ ಕೆಲಸ ಆರಂಭವಾಗಿದೆ. ಪುಸ್ತಕದ ಮೊದಲ ಪುಟದಲ್ಲಿ ಅವಳೇ ತನ್ನ ಸೊಟ್ಟ ಕನ್ನಡ ಅಕ್ಷರಗಳಲ್ಲಿ ಬರೆದಿದ್ದಾಳೆ: 'ಅಜ್ಜಿಯ ಹುಳಿ'.