ಹಳೆಯ ಗಾಡಿಯ ಅಡಿಭಾಗ

ಎತ್ತು ಕೊಳ್ಳಲು ದನದ ಜಾತ್ರೆಗೆ ಹೋಗುವಾಗ ನನ್ನ ತಂದೆಯವರು ನನ್ನನ್ನೂ ಜೊತೆಗೆ ಕರೆದೊಯ್ಯುತ್ತಿದ್ದರು. ಅವರು ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುವರು; ಮೈಮೇಲಿನ ಸುಳಿ ಹುಡುಕುವರು; ಹತ್ತು ಹೆಜ್ಜೆ ನಡೆಸಿ, ಗೊರಸು ಊರುವ ಬಗೆಯನ್ನು ಕುಕ್ಕರುಗಾಲಿನಲ್ಲಿ ಕುಳಿತು ಗಮನಿಸುವರು. ಇಷ್ಟೆಲ್ಲ ಆದ ಬಳಿಕವೇ ಟವಲಿನ ಮರೆಯಲ್ಲಿ ಬೆರಳು ಮುಟ್ಟಿ ಬೆಲೆಯ ಮಾತು. ನೀರೊಳಗಿನ ಎಮ್ಮೆಗೆ ಬೆಲೆ ಕಟ್ಟಬಾರದು ಎಂಬುದು ಅವರು ನನಗೆ ಕಲಿಸಿದ ವ್ಯಾಪಾರದ ಮೊದಲ ಪಾಠ. ಅಂಥವರ ಮಗನಾದ ನಾನು, ಮಡಿಕೇರಿಯ ಬಳಿಯ ನಮ್ಮ ಸಣ್ಣ ಕಾಫಿ ತೋಟಕ್ಕೆಂದು ಒಂದು ಹಳೆಯ ಪಿಕಪ್ ಜೀಪನ್ನು, ಅದರ ಹೊಳೆಯುವ ಹಸಿರು ಬಣ್ಣಕ್ಕೆ ಮರುಳಾಗಿ ಕೊಂಡೆ. ಅದರ ಫಲವನ್ನು ನಾನೊಬ್ಬನೇ ಉಂಡಿದ್ದರೆ ಈ ಮಾತನ್ನು ತಮ್ಮ ಮುಂದೆ ಆಡುವ ಅಗತ್ಯವಿರಲಿಲ್ಲ.

ಕೊಡಗಿನಲ್ಲಿ ಜೀಪು ಮನೆಯ ಒಬ್ಬ ಆಳಿದ್ದಂತೆ. ಎರಡನೆಯ ಮಹಾಯುದ್ಧದ ಕಾಲಕ್ಕೆ ಅಮೆರಿಕದಲ್ಲಿ ಸೈನ್ಯಕ್ಕಾಗಿ ಹುಟ್ಟಿದ ಈ ವಾಹನವನ್ನು ನಮ್ಮ ದೇಶದಲ್ಲಿ ಜೋಡಿಸುವ ಕೆಲಸ 1947ರಲ್ಲಿ ಮೊದಲಾಯಿತು. ಆ ಕಂಪನಿಯನ್ನು 1945ರಲ್ಲಿ ಕಟ್ಟಿದವರು ಮಹೀಂದ್ರ ಸಹೋದರರು ಮತ್ತು ಗುಲಾಂ ಮೊಹಮ್ಮದ್. ದೇಶ ಇಬ್ಭಾಗವಾದಾಗ ಗುಲಾಂ ಮೊಹಮ್ಮದರು ಪಾಕಿಸ್ತಾನಕ್ಕೆ ತೆರಳಿ ಅಲ್ಲಿನ ಅರ್ಥಸಚಿವರೂ ಮುಂದೆ ಗವರ್ನರ್ ಜನರಲ್ಲರೂ ಆದರು. ಜೀಪು ಇಲ್ಲಿ ಉಳಿದು ನಮ್ಮ ಬೆಟ್ಟಗಳನ್ನು ಹತ್ತಿತು. ಗೊಬ್ಬರವನ್ನು ಮೇಲೆ ಸಾಗಿಸುವುದು, ಕಾಫಿಯನ್ನು ಕೆಳಗೆ ಇಳಿಸುವುದು, ನಡುರಾತ್ರಿ ಹೆರಿಗೆನೋವು ಬಂದವಳನ್ನು ಆಸ್ಪತ್ರೆ ಮುಟ್ಟಿಸುವುದು, ಎಲ್ಲವೂ ಅದರದೇ ಕೆಲಸ. ಹೊಸದನ್ನು ಕೊಳ್ಳುವ ಶಕ್ತಿ ಎಲ್ಲರಿಗೂ ಇಲ್ಲ. ಸಣ್ಣ ಬೆಳೆಗಾರನ ಪಾಲಿಗೆ ಬರುವುದು ಎರಡು ಮೂರು ಕೈ ದಾಟಿದ ಗಾಡಿ.

ನನ್ನ ಹಸಿರು ಗಾಡಿ ಒಂದು ಮಳೆಗಾಲವನ್ನು ಹೇಗೋ ಕಳೆಯಿತು. ಕಾಫಿ ಕೊಯ್ಲಿನ ದಿನಗಳಲ್ಲಿ ಒಂದು ಸಂಜೆ, ಹಣ್ಣಿನ ಚೀಲಗಳನ್ನು ಹೇರಿಕೊಂಡು ತೋಟದ ಇಳಿಜಾರಿನಲ್ಲಿ ಬರುತ್ತಿದ್ದಾಗ, ಹಿಂಬದಿಯ ಸ್ಪ್ರಿಂಗನ್ನು ಹಿಡಿದಿಡುವ ಕಬ್ಬಿಣದ ಹಿಡಿಕೆ ಚಾಸಿಯ ಸಮೇತ ಕಿತ್ತುಬಂತು. ಗಾಡಿ ಒಂದು ಮಗ್ಗುಲಿಗೆ ವಾಲಿತು. ಚೀಲಗಳ ಮೇಲೆ ನಮ್ಮ ತೋಟದ ಹಳೆಯ ಕೆಲಸಗಾರನೊಬ್ಬ ಕುಳಿತಿದ್ದ. ಸರಕಿನ ಗಾಡಿಯಲ್ಲಿ ಹಾಗೆ ಜನರನ್ನು ಕೂರಿಸಬಾರದೆಂಬುದು ನನಗೆ ತಿಳಿಯದ ಸಂಗತಿಯೇನಲ್ಲ. ಅವನು ಹಾರಿದ, ಕಾಲು ಮುರಿಯಿತು. ಮೂಳೆ ಕೂಡಿತಾದರೂ ನಡಿಗೆಯಲ್ಲಿ ಕುಂಟು ಉಳಿಯಿತು.

ಮರುದಿನ ಗಾಡಿಯನ್ನು ನೋಡಲು ಬಂದ ವೃದ್ಧ ಮೇಸ್ತ್ರಿ ಮೊದಲು ಏನನ್ನೂ ಹೇಳಲಿಲ್ಲ. ಒಂದು ಗೋಣಿಚೀಲ ಹಾಸಿ ಅಡಿಗೆ ನುಸುಳಿದರು. ಸಣ್ಣ ಸುತ್ತಿಗೆಯಿಂದ ಚಾಸಿಯನ್ನು ತಟ್ಟುತ್ತ ಹೋದರು. ಕೆಲವು ಕಡೆ ಗಂಟೆಯಂಥ ನಾದ. ಕೆಲವು ಕಡೆ ಒದ್ದೆ ಹಲಗೆಯಂಥ ಮಂಕು ಸದ್ದು. ಮಂಕಾಗಿ ನುಡಿದ ಜಾಗಕ್ಕೆ ಸ್ಕ್ರೂಡ್ರೈವರ್ ಒತ್ತಿದರೆ ಅದು ಹಲಸಿನ ಹಣ್ಣಿಗೆ ಕತ್ತಿ ಇಳಿದಂತೆ ಒಳಗಿಳಿಯಿತು. “ಸಾರ್, ನೀವು ಕೊಂಡದ್ದು ಬಣ್ಣ. ಗಾಡಿ ಎಂದೋ ಹೋಗಿದೆ” ಎಂದರು. ಈ ವಿದ್ಯೆಯಲ್ಲಿ ನನಗಾದ ಅಕ್ಷರಾಭ್ಯಾಸ ಅದು.

ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ; ಇಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆಯಾಗುವುದು ಸಾಮಾನ್ಯ. ಜೂನಿನಿಂದ ಸೆಪ್ಟೆಂಬರಿನವರೆಗೆ ಚಾಸಿಯ ಟೊಳ್ಳುಗಳಲ್ಲಿ ಕೂಡಿಕೊಂಡ ಕೆಸರು ಒಣಗುವುದೇ ಇಲ್ಲ. ಕಬ್ಬಿಣ, ನೀರು, ಗಾಳಿ ಈ ಮೂರೂ ಸೇರಿದಲ್ಲಿ ತುಕ್ಕು ಹುಟ್ಟುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಉಬ್ಬಿ ಹಕ್ಕಳೆಯಾಗಿ ಉದುರಿ, ಒಳಗಿನ ಹೊಸ ಕಬ್ಬಿಣವನ್ನು ಮತ್ತೆ ನೀರಿಗೆ ಒಡ್ಡುತ್ತದೆ. ತೋಟದ ಗಾಡಿಗೆ ಇನ್ನೊಂದು ಶತ್ರುವಿದೆ. ಅದು ನಾವೇ ಹೇರುವ ರಸಗೊಬ್ಬರ. ಪೊಟ್ಯಾಷ್ ಗೊಬ್ಬರ ಒಂದು ಬಗೆಯ ಉಪ್ಪು. ಹಲಗೆಯ ಸಂದಿನಿಂದ ಸುರಿದು ಚಾಸಿಯ ಮೇಲೆ ಕುಳಿತರೆ ತುಕ್ಕನ್ನು ತೀವ್ರಗೊಳಿಸುತ್ತದೆ. ಮಂಗಳೂರಿನ ಕಡಲ ಗಾಳಿಯಲ್ಲಿ ದುಡಿದು ಬಂದ ಗಾಡಿಗೂ ಇದೇ ಉಪ್ಪಿನ ಕಾಟ. ಹೊಸದಾಗಿ ಬಳಿದ ಕಪ್ಪು ಡಾಂಬರು ಅಡಿಭಾಗದಲ್ಲಿ ಕಂಡರೆ, ಅದು ರಕ್ಷಣೆಗೋ ಮರೆಮಾಚುವುದಕ್ಕೋ ಎಂದು ಕೇಳಿಕೊಳ್ಳಬೇಕು.

ಎರಡನೆಯ ಗಾಡಿ ಹುಡುಕುವಾಗ ನಾನು ಮೇಸ್ತ್ರಿಯವರನ್ನು ಬಿಟ್ಟು ಹೋಗಲಿಲ್ಲ. ಅವರ ಪರೀಕ್ಷೆಗೆ ಒಂದು ಕ್ರಮವಿತ್ತು. ಹೊತ್ತಿಗೆ ಮುಂಚೆ, ಮಾರುವವನು ಎಂಜಿನ್ ಚಾಲೂ ಮಾಡುವ ಮೊದಲೇ ಅಲ್ಲಿರಬೇಕು. ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನೋಡಬೇಕು. ಬೆಚ್ಚಗಿದ್ದರೆ ಯಾರೋ ಅದನ್ನು ಮೊದಲೇ ಎಬ್ಬಿಸಿದ್ದಾರೆ ಎಂದರ್ಥ. ತಣ್ಣಗಿದ್ದಾಗ ತೊಂದರೆಕೊಡುವ ಎಂಜಿನ್ ಬಿಸಿಯಾದ ಮೇಲೆ ಸಾಧುವಾಗಿಬಿಡುತ್ತದೆ. ಚಾಲೂ ಮಾಡಿದ ಮೇಲೆ ಹೊಗೆಯನ್ನು ಓದಬೇಕು. ನಮ್ಮ ಚಳಿಯ ಮುಂಜಾನೆಯಲ್ಲಿ ಕ್ಷಣಕಾಲ ಬಿಳಿ ಹೊಗೆ ಬಂದರೆ ದೋಷವಲ್ಲ. ಬಿಸಿಯಾದ ಮೇಲೂ ಬಿಳುಪು ನಿಲ್ಲದಿದ್ದರೆ ರೇಡಿಯೇಟರಿನ ನೀರು ಒಳಗೆ ಸೇರುತ್ತಿರಬಹುದು, ಇಲ್ಲವೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ. ನೀಲಿ ಹೊಗೆ ಎಣ್ಣೆ ಸುಡುವುದರ ಗುರುತು. ಪಿಸ್ಟನ್ನಿನ ಉಂಗುರಗಳು ಸವೆದಿರಬಹುದು. ಕಪ್ಪು ಹೊಗೆ ಡೀಸೆಲ್ ಹೆಚ್ಚಾಗಿದೆ ಅಥವಾ ಗಾಳಿ ಕಡಿಮೆಯಾಗಿದೆ ಎನ್ನುತ್ತದೆ. ಹಲವು ಬಾರಿ ಫಿಲ್ಟರ್ ಶುಚಿಯಾದರೆ ಹೋಗುತ್ತದೆ. ಎಂಜಿನ್ ಎಣ್ಣೆ ಹಾಲು ಬೆರೆಸಿದ ಕಾಫಿಯಂತೆ ಕಂಡರೆ ಅದರಲ್ಲಿ ನೀರು ಸೇರಿದೆ.

ಅನಂತರ ಸ್ಪ್ರಿಂಗಿನ ಪ್ಲೇಟುಗಳು. ಒಂದರ ಮೇಲೊಂದು ಜೋಡಿಸಿದ ಈ ಬಾಗಿದ ಉಕ್ಕಿನ ಪಟ್ಟಿಗಳು ಎರಡೂ ಕಡೆ ಸಮನಾಗಿ ಬಾಗಿರಬೇಕು, ಬಿರುಕಿರಬಾರದು. ಕಂಪನಿ ಕೊಟ್ಟದ್ದಕ್ಕಿಂತ ಹೆಚ್ಚು ಪ್ಲೇಟು ಸೇರಿಸಿದ್ದರೆ, ಆ ಗಾಡಿ ತನ್ನ ಶಕ್ತಿ ಮೀರಿ ಹೊತ್ತಿದೆಯೆಂದು ತಿಳಿಯಬೇಕು. ಟಯರು ಒಂದೇ ಅಂಚಿನಲ್ಲಿ ಸವೆದಿದ್ದರೆ ಚಕ್ರದ ನೇರ ತಪ್ಪಿದೆ. ಅದಕ್ಕೆ ಕಾರಣ ಸಣ್ಣದಿರಬಹುದು, ಬಾಗಿದ ಚಾಸಿಯೂ ಇರಬಹುದು.

ಬ್ರೇಕಿನ ವಿಷಯವನ್ನು ಬೆಟ್ಟದವರು ವಿಶೇಷವಾಗಿ ಮನನ ಮಾಡಬೇಕು. ಎರಡು ಟನ್ ತೂಗುವ ಗಾಡಿ ನೂರು ಮೀಟರ್ ಎತ್ತರ ಇಳಿಯುವಾಗ ಬಿಡುಗಡೆಯಾಗುವ ಶಕ್ತಿ ಸುಮಾರು 6 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಲ್ಲದು. ಚಾಲಕ ಬ್ರೇಕೊಂದನ್ನೇ ನಂಬಿದರೆ ಆ ಶಾಖದ ಬಹುಪಾಲು ಬ್ರೇಕಿನ ಡ್ರಮ್ಮುಗಳಿಗೇ ಹೋಗಬೇಕು. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಘಾಟಿಯಲ್ಲಿ ಇಂಥ ನೂರು ಮೀಟರುಗಳು ಒಂದಲ್ಲ, ಹಲವು. ಅದಕ್ಕೇ ಅನುಭವಿ ಚಾಲಕ ಕೆಳಗಿನ ಗೇರಿನಲ್ಲಿ ಇಳಿದು ಎಂಜಿನ್ನಿನಿಂದಲೇ ಗಾಡಿಯನ್ನು ತಡೆಯುತ್ತಾನೆ. ಬ್ರೇಕಿನ ಎಣ್ಣೆ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ತೇವ ಸೇರಿದ ಎಣ್ಣೆ ಕಡಿಮೆ ಶಾಖಕ್ಕೇ ಕುದಿದು, ಪೆಡಲ್ ತುಳಿದರೆ ಕಾಲು ಪೊಳ್ಳಿಗೆ ಇಳಿಯುತ್ತದೆ. ಇನ್ನು ಡೀಸೆಲ್ ಉಳಿಸಲೆಂದು ಎಂಜಿನ್ ಆರಿಸಿ ಇಳಿಜಾರಿನಲ್ಲಿ ಜಾರಿಬಿಡುವವರಿದ್ದಾರೆ. ಇಂಥ ಅನೇಕ ಗಾಡಿಗಳಲ್ಲಿ ಬ್ರೇಕಿಗೆ ಬಲ ಸೇರಿಸುವುದು ಎಂಜಿನ್ ಓಡುವಾಗ ಉಂಟಾಗುವ ನಿರ್ವಾತ. ಎಂಜಿನ್ ಆರಿದರೆ ಎರಡು ಮೂರು ತುಳಿತಕ್ಕೆ ಅದು ಮುಗಿಯುತ್ತದೆ. ಕೊಳ್ಳುವ ಮೊದಲು ಏರಿನಲ್ಲಿ ಗಾಡಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಅದು ಹಿಡಿದು ನಿಲ್ಲುವುದೇ ಎಂದು ನೋಡಬೇಕು. ನೋಡುವಾಗ ಗಾಡಿಯ ಹಿಂದೆ ಯಾರೂ ಇರಕೂಡದು.

ಇಷ್ಟಾದ ಮೇಲೆ ಕಾಗದ. ಎಂಜಿನ್ ಕೆಟ್ಟರೆ ಬದಲಿಸಬಹುದು, ಗೇರ್‌ಬಾಕ್ಸ್ ಬದಲಿಸಬಹುದು. ಚಾಸಿ ಹೋದರೆ ಗಾಡಿಯೇ ಹೋದಂತೆ. ಕಾನೂನಿನ ಕಣ್ಣಿಗೂ ಗಾಡಿಯ ಗುರುತು ಚಾಸಿಯ ಮೇಲೆ ಕೊರೆದ ಸಂಖ್ಯೆಯೇ. ಆ ಸಂಖ್ಯೆಯನ್ನು ಬಟ್ಟೆಯಿಂದ ಒರೆಸಿ, ಆರ್‌ಸಿಯಲ್ಲಿರುವುದರೊಡನೆ ಅಂಕೆ ಅಂಕೆಯಾಗಿ ತಾಳೆ ನೋಡಬೇಕು. ಅಲ್ಲಿ ಉಜ್ಜಿದ, ಬೆಸೆದ ಗುರುತಿದ್ದರೆ ಎದ್ದು ಬರುವುದು ಕ್ಷೇಮ. ಎಂಟು ವರ್ಷ ದಾಟಿದ ಸರಕು ವಾಹನ ಪ್ರತಿ ವರ್ಷ ಎಫ್‌ಸಿ ಪಡೆಯಬೇಕು; ಆದರೆ ಅದು ಪರೀಕ್ಷೆಯ ದಿನದ ಮಾತು, ಅನಂತರದ ಮಳೆಗೆ ಜಾಮೀನಲ್ಲ. ಸಾಲದ ನಮೂದು ಇದ್ದರೆ ಸಾಲ ಕೊಟ್ಟವರಿಂದ ತೀರುವಳಿ ಪತ್ರವನ್ನೂ ನಮೂನೆ 35ನ್ನೂ ಕೇಳಬೇಕು.

ಮಾರಾಟದ ವರದಿಗೆ ನಮೂನೆ 29, ವರ್ಗಾವಣೆಗೆ ನಮೂನೆ 30. 1988ರ ಮೋಟಾರು ವಾಹನ ಕಾಯಿದೆಯಂತೆ, ರಾಜ್ಯದೊಳಗಿನ ಮಾರಾಟವನ್ನು ಮಾರಿದವನು 14 ದಿನಗಳಲ್ಲಿ, ಕೊಂಡವನು 30 ದಿನಗಳಲ್ಲಿ ಸಾರಿಗೆ ಕಚೇರಿಗೆ ತಿಳಿಸಬೇಕು; ವಿಮೆಯನ್ನು ತನ್ನ ಹೆಸರಿಗೆ ಮಾಡಿಸಲು ಕೊಂಡವನು 14 ದಿನಗಳಲ್ಲಿ ವಿಮಾ ಸಂಸ್ಥೆಗೆ ಬರೆದುಕೊಳ್ಳಬೇಕು. ಇದು ಬರಿಯ ಗುಮಾಸ್ತಿಕೆಯಲ್ಲ. ಹೆಸರು ಬದಲಾಗದೆ ಕೈಯಿಂದ ಕೈಗೆ ಮಾರಾಟವಾಗಿದ್ದ ಕಾರೊಂದರ ಅಪಘಾತದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2018ರಲ್ಲಿ, ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವನೇ ಪರಿಹಾರಕ್ಕೆ ಹೊಣೆಯೆಂದು ತೀರ್ಪಿತ್ತಿತು. ಹಣ ಎಣಿಸಿಕೊಂಡು ಗಾಡಿಯನ್ನು ಮರೆತವನ ಮನೆಯ ಬಾಗಿಲಿಗೆ, ಎಂದೋ ಒಂದು ದಿನ, ಯಾರದೋ ಕಣ್ಣೀರು ಬಂದು ನಿಲ್ಲಬಹುದು.

ಎರಡನೆಯ ಗಾಡಿ ನೋಡಲು ಚಂದವಿರಲಿಲ್ಲ. ಬಣ್ಣ ಹೋಗಿತ್ತು, ಬಾಗಿಲು ಜಜ್ಜಿತ್ತು, ಸೀಟು ಹರಿದಿತ್ತು. ಚಾಸಿ ಮಾತ್ರ ಈ ತುದಿಯಿಂದ ಆ ತುದಿಯವರೆಗೆ ಗಂಟೆಯಂತೆ ನುಡಿಯಿತು. ಅದನ್ನು ಅಂಗಳಕ್ಕೆ ತಂದು ನಿಲ್ಲಿಸಿದ ದಿನ ಮನೆಯವರು ಮುಖ ಸಿಂಡರಿಸಿದರು. ಕಾಲು ಮುರಿದುಕೊಂಡ ಆ ಕೆಲಸಗಾರ ಕುಂಟುತ್ತ ಬಂದು ಒಂದು ಸುತ್ತು ಹಾಕಿದ. ಆಮೇಲೆ ನನ್ನ ಮುಖ ನೋಡದೆ, “ಅಡಿ ನೋಡಿದಿರಾ, ಸ್ವಾಮಿ?” ಎಂದು ಕೇಳಿದ.

ನೋಡಿದೆ ಎಂದೆ. ಅವನು ತಲೆಯಾಡಿಸಿದ. ಆದರೂ ಮೇಸ್ತ್ರಿಯವರ ಸುತ್ತಿಗೆ ಕೇಳಿ ಪಡೆದು, ಗೋಣಿ ಹಾಸಿಕೊಂಡು, ಕಷ್ಟಪಟ್ಟು ಅಡಿಗೆ ಇಳಿದ. ಅವನು ತಟ್ಟಿ ಮುಗಿಸುವವರೆಗೆ ನಾನು ಅಂಗಳದಲ್ಲಿ ನಿಂತೇ ಇದ್ದೆ.