ಮಿರಜಿನ ತಂಬೂರಿಗೆ ಸರ್ಕಾರ ಏನು ಮಾಡಬಹುದು

ಮಿರಜ ಇರುವುದು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯಲ್ಲಿ. ಆದರೂ ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನರು ನೆಲೆಸಿದ್ದ ಊರೆಂದು, ತಂಬೂರಿಗಳ ಊರೆಂದು ಧಾರವಾಡ ಸೀಮೆಯ ಸಂಗೀತಗಾರರಿಗೆ ಅದು ತೀರಾ ಹತ್ತಿರ. 2024ರಲ್ಲಿ ಅಲ್ಲಿನ ಸಿತಾರ್ ಮತ್ತು ತಂಬೂರಿಗೆ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆ ದೊರೆಯಿತು. ಸಂತೋಷದ ಸಂಗತಿಯೇ. ಆದರೆ ಜಿಐ ಕಾಯುವುದು ಹೆಸರನ್ನು ಮಾತ್ರ. ನಾದ ಹುಟ್ಟುವ ಜಾಗ ಬೇರೆಯೇ ಇದೆ.

ಆ ಜಾಗ ತಂತಿಗಳನ್ನು ಹೊತ್ತ ಕುದುರೆ. ಪಿಟೀಲಿನ ಕುದುರೆಯ ಹಾಗೆ ಇದರ ಅಂಚು ಚೂಪಾಗಿರುವುದಿಲ್ಲ. ಮೇಲ್ಮೈ ಅಗಲವಾಗಿ, ಕಣ್ಣಿಗೆ ಕಾಣದಷ್ಟು ಇಳಿಜಾರಾಗಿರುತ್ತದೆ. ತಂತಿಯ ಕೆಳಗೆ ಒಂದೆಳೆ ನೂಲು ಸಿಕ್ಕಿಸಿ ಹಿಂದೆ ಮುಂದೆ ಸರಿಸುತ್ತ ಹೋದರೆ ಯಾವುದೋ ಒಂದು ಬಿಂದುವಿನಲ್ಲಿ ನಾದ ಥಟ್ಟನೆ ಅರಳುತ್ತದೆ. ಇದೇ ಜವಾರಿ. ಕಂಪಿಸುವ ತಂತಿ ಪ್ರತಿ ಸುತ್ತಿನಲ್ಲೂ ಕುದುರೆಯ ಮೈ ಸವರಿ ಬಿಡುವುದರಿಂದ ಅದರ ಶಕ್ತಿ ಮೇಲಿನ ಸ್ವರಾಂಶಗಳಿಗೆ (ಹಾರ್ಮೋನಿಕ್) ಹರಿಯುತ್ತದೆ. ತಂತಿಯನ್ನು ನಟ್ಟನಡುವೆ ಮೀಟಿದರೆ ಎರಡನೆಯ ಸ್ವರಾಂಶ ಕೇಳಿಸಬಾರದು, ಅದರ ನಿಶ್ಚಲ ಬಿಂದು ಅಲ್ಲೇ ಇದೆ ಎನ್ನುವುದು ವಿಜ್ಞಾನಿ ಥಾಮಸ್ ಯಂಗ್ ಹೇಳಿದ ನಿಯಮ. ತಂಬೂರಿಯಲ್ಲಿ ಅದೂ ಸ್ಪಷ್ಟವಾಗಿ ಕೇಳುತ್ತದೆ! ವೀಣೆ, ತಂಬೂರಿಗಳು ಈ ನಿಯಮವನ್ನು ಮೀರುವುದನ್ನು ಸಿ.ವಿ. ರಾಮನ್ 1921ರಲ್ಲೇ ಬರೆದು ತೋರಿಸಿದರು.

ಆ ಇಳಿಜಾರನ್ನು ಅರದಿಂದ ಉಜ್ಜಿ, ಕಿವಿಗೊಟ್ಟು, ಮತ್ತೆ ಉಜ್ಜಿ ತರುವುದು ಕೈಯ ವಿದ್ಯೆ. ನುಡಿಸಿದಂತೆ ತಂತಿ ಕುದುರೆಯ ಮೇಲೆ ಗೀರು ಕೊರೆಯುತ್ತದೆ, ನಾದ ಮಂಕಾಗುತ್ತದೆ, ಜವಾರಿ ಮತ್ತೆ ತೆಗೆಸಬೇಕಾಗುತ್ತದೆ. ಆನೆದಂತ, ಜಿಂಕೆಕೊಂಬಿಗೆ ವನ್ಯಜೀವಿ ಕಾನೂನಿನ ತಡೆ ಬಂದ ಮೇಲೆ ಒಂಟೆಮೂಳೆ, ಕರಿಮರ, ಫೈಬರ್ ಬಳಕೆಗೆ ಬಂದಿವೆ. ಯಾವುದು ಎಷ್ಟು ಬಾಳುತ್ತದೆ, ಯಾವುದರ ನಾದ ಹೇಗೆ ಎಂಬುದನ್ನು ಸರ್ಕಾರಿ ಪ್ರಯೋಗಾಲಯವೊಂದು ಅಳೆದು ಕೊಟ್ಟರೆ ಅದೇ ದೊಡ್ಡ ಉಪಕಾರ.

ತಂಬೂರಿಯ ಬುರುಡೆಯಾಗುವ ಸೋರೆಯ ಕಥೆ ತೋಟಗಾರಿಕೆ ಇಲಾಖೆಗೆ ಸೇರಿದ್ದು. ಪಂಢರಪುರದ ಸುತ್ತ, ಭೀಮಾ ನದಿಯ ಸೀಮೆಯಲ್ಲಿ ಬೆಳೆಯುವ ಈ ಕಹಿ ಸೋರೆ ತಿನ್ನಲು ಬಾರದು, ಸಂತೆಯಲ್ಲಿ ಮಾರಲು ಬಾರದು. ಬಲಿತು ಒಣಗುವ ತನಕ ರೈತ ಕಾಯಬೇಕು. ಕಬ್ಬಿಗೆ ಕಾರ್ಖಾನೆಯಾದರೂ ಇದೆ. ಇದಕ್ಕಿರುವವರು ಬೆರಳೆಣಿಕೆಯ ಗಿರಾಕಿಗಳು. ಉತ್ಸವ, ವೇದಿಕೆ, ಶಾಲುಗಳಿಗೆ ಸುರಿಯುವ ಹಣದ ಒಂದು ಪಾಲು ಈ ಬೀಜ, ಈ ಬೆಳೆಯ ವಿಮೆಗೆ ಹೋದರೆ ವಾದ್ಯಕ್ಕೆ ಹೆಚ್ಚು ಲಾಭ ಎಂಬುದು ನನ್ನ ಅಭಿಪ್ರಾಯ. ಜಿಐ ವಿಷಯದಲ್ಲೂ ಕೆಲಸ ಬಾಕಿ ಇದೆ. ನೋಂದಣಿ ಇರುವುದು ಒಂದು ಸಂಸ್ಥೆಯ ಹೆಸರಿನಲ್ಲಿ. ಒಬ್ಬೊಬ್ಬ ಕಸುಬುದಾರನೂ ‘ಅಧಿಕೃತ ಬಳಕೆದಾರ’ನೆಂದು ಪ್ರತ್ಯೇಕ ಅರ್ಜಿ ಹಾಕಬೇಕು. ಅರ ಹಿಡಿದ ಕೈಗೆ ಆ ಫಾರಂ ತುಂಬಿಸಿಕೊಡುವವರು ಬೇಕು.

ಸರ್ಕಾರದ ಒಂದು ಆದೇಶಕ್ಕೆ ಎಷ್ಟು ಬಲವಿದೆ ಎಂಬುದಕ್ಕೆ ಆಕಾಶವಾಣಿಯೇ ಸಾಕ್ಷಿ. 1940ರಲ್ಲಿ ಅದು ಹಾರ್ಮೋನಿಯಂ ಅನ್ನು ಹೊರಗಿಟ್ಟಿತು. ಬಾಗಿಲು ಮತ್ತೆ ತೆರೆಯತೊಡಗಿದ್ದು 1971ರಲ್ಲಿ. ಮುಚ್ಚುವ ಶಕ್ತಿ ಇದ್ದವರಿಗೆ ತೆರೆಯುವ ಶಕ್ತಿಯೂ ಇರಬೇಕಲ್ಲ?

ಇಂದು ಮೊಬೈಲಿನಲ್ಲೇ ತಂಬೂರಿ ನುಡಿಯುತ್ತದೆ. ಎಲೆಕ್ಟ್ರಾನಿಕ್ ತಂಬೂರಿಯ ಮೊದಲಿಗರಲ್ಲಿ ಬೆಂಗಳೂರಿನವರೂ ಇದ್ದಾರೆ. ಅಭ್ಯಾಸಕ್ಕೆ ಅದರ ಅನುಕೂಲ ದೊಡ್ಡದು, ದೂರಬೇಕಿಲ್ಲ. ಆದರೆ ಸಂಗೀತ ವಿಶ್ವವಿದ್ಯಾಲಯಗಳು, ಸರ್ಕಾರಿ ಸಂಗೀತ ಶಾಲೆಗಳು, ಆಕಾಶವಾಣಿ ಕೇಂದ್ರಗಳು ನಿಜವಾದ ತಂಬೂರಿ ಕೊಳ್ಳಲಿ, ಕೊಂಡು ಬೀರುವಿನಲ್ಲಿ ಇಟ್ಟು ಮರೆಯದೆ ವರ್ಷಕ್ಕೊಮ್ಮೆ ಜವಾರಿ ತೆಗೆಸಲಿ. ಬಜೆಟ್ಟಿನಲ್ಲಿ ಖರೀದಿಯ ಪಕ್ಕದಲ್ಲೇ ರಿಪೇರಿಗೂ ಒಂದು ಲೆಕ್ಕಶೀರ್ಷಿಕೆ ಇರಲಿ.